ಆಟೋಸೈಜ್ ಕೊಟ್ಟ ಟನ್ನು ಎಲ್ಲಿಂದ ಬಂತು?

ಕಟ್ಟಡದ ಶಾಖ, ಎಸಿಯ ಲೆಕ್ಕ ಹಾಕುವ ಎನರ್ಜಿಪ್ಲಸ್ ಸಾಫ್ಟ್‌ವೇರ್ ಜೊತೆಗೆ ಬರುವ ಉದಾಹರಣೆ ಫೈಲ್‌ಗಳಲ್ಲಿ ಒಂದನ್ನು ತೆರೆಯಿರಿ. ಅದರಲ್ಲಿರುವ ಕಟ್ಟಡ ಅಳಿಸಿ ಬೆಂಗಳೂರಿನ ನಿಮ್ಮ ಕಟ್ಟಡ ಬರೆಯಿರಿ, ಬೆಂಗಳೂರಿನ ಹವಾಮಾನ ಫೈಲ್ ಜೋಡಿಸಿ ಓಡಿಸಿ. ಯಂತ್ರದ ಗಾತ್ರವನ್ನು ಸಾಫ್ಟ್‌ವೇರೇ ಹುಡುಕುವ ಆಟೋಸೈಜ್‌ನಿಂದ ಕೆಲವೇ ನಿಮಿಷಗಳಲ್ಲಿ ಉತ್ತರ ಸಿದ್ಧ: ಇಷ್ಟು ಕಿಲೋವ್ಯಾಟ್ ಕೂಲಿಂಗ್, ಇಷ್ಟು ಗಾಳಿ. ಆದರೆ ಆ ಉತ್ತರ ಷಿಕಾಗೋದ್ದು.

ಕಾರಣ ಇಷ್ಟೆ. ವರ್ಷಪೂರ್ತಿ ಓಡುವ ಲೆಕ್ಕಕ್ಕೆ ಎನರ್ಜಿಪ್ಲಸ್ ಹವಾಮಾನ ಫೈಲ್ ಓದುತ್ತದೆ. ಯಂತ್ರದ ಗಾತ್ರ ಹುಡುಕುವ ಲೆಕ್ಕಕ್ಕೆ ಮಾಡೆಲ್ ಫೈಲ್‌ನ ಒಳಗೇ ಬರೆದಿರುವ ಡಿಸೈನ್ ಡೇ, ಅಂದರೆ ಒಂದು ಊರಿನ ಅತಿ ಬಿಸಿಯ ಅಥವಾ ಅತಿ ಚಳಿಯ ಮಾದರಿ ದಿನ, ಓದುತ್ತದೆ. ಹವಾಮಾನ ಫೈಲ್ ಬದಲಾಯಿಸಿದ ಮಾತ್ರಕ್ಕೆ ಡಿಸೈನ್ ಡೇ ಬದಲಾಗುವುದಿಲ್ಲ. ಉದಾಹರಣೆ ಫೈಲ್‌ಗಳಲ್ಲಿ ಬಹುಪಾಲು ಇರುವುದು ಷಿಕಾಗೋದ ಎರಡು ದಿನ: ಜನವರಿ 21, ಮೈನಸ್ 17.3 ಡಿಗ್ರಿ, ಜುಲೈ 21, ಗರಿಷ್ಠ 31.5 ಡಿಗ್ರಿ, ವೆಟ್ ಬಲ್ಬ್ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರುವ ಉಷ್ಣತೆ, ಗಾಳಿಯ ತೇವದ ಸುಳಿವು) 23. ನಮ್ಮಲ್ಲಿ ಜುಲೈ 21 ಎಂದರೆ ಕೊಡೆ ಹಿಡಿಯುವ ದಿನ. ಬೆಂಗಳೂರಿನ ಬೇಸಿಗೆಯ ಡಿಸೈನ್ ಡೇಗೆ ಗರಿಷ್ಠ ಸುಮಾರು 34 ಡಿಗ್ರಿ, ಅದರ ಜೊತೆಗಿನ ವೆಟ್ ಬಲ್ಬ್ ಸುಮಾರು 20. ಅಂದರೆ ಷಿಕಾಗೋ ದಿನದಲ್ಲಿ ಬಿಸಿ ಕಡಿಮೆ, ತೇವ ಜಾಸ್ತಿ. ಎರಡು ತಪ್ಪು ಒಂದನ್ನೊಂದು ಅಷ್ಟಿಷ್ಟು ಹೊಡೆದುಹಾಕುವುದರಿಂದ ಒಟ್ಟು ಟನ್ನು ನೋಡಿದರೆ ಅನುಮಾನವೇ ಬರುವುದಿಲ್ಲ.

ಇನ್ನೂ ಒಂದು ಕುಚೋದ್ಯವಿದೆ. ಆ ಡಿಸೈನ್ ಡೇಯಲ್ಲಿ ಗಾಳಿಯ ಒತ್ತಡ 99,063 ಪಾಸ್ಕಲ್ ಎಂದು ಬರೆದಿರುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗೆ ಅದು ಸುಮಾರು 90,700 ಇರಬೇಕು. ಎತ್ತರಕ್ಕೆ ತಕ್ಕ ಒತ್ತಡಕ್ಕೂ ಬರೆದ ಒತ್ತಡಕ್ಕೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮಾತ್ರ ಎನರ್ಜಿಪ್ಲಸ್ ಎಚ್ಚರಿಸುತ್ತದೆ. ಇಲ್ಲಿನ ವ್ಯತ್ಯಾಸ ಶೇ. 9ರ ಆಸುಪಾಸು. ಹಾಗಾಗಿ ಎಚ್ಚರಿಕೆಯೂ ಇಲ್ಲ, ತಿದ್ದುಪಡಿಯೂ ಇಲ್ಲ.

ಕಟ್ಟಡದ ಚಿತ್ರ ಬಿಡಿಸುವುದಕ್ಕೆ ವಾರಗಟ್ಟಲೆ ಸಮಯ ಹೋಗುತ್ತದೆ. ಟನ್ನು ನಿರ್ಧರಿಸುವುದು ಬಹುತೇಕ ಆ ಚಿತ್ರವಲ್ಲ. ನೀವು ಯಾವ ದಿನ ಕೊಟ್ಟಿರಿ, ಆ ದಿನ ಕಟ್ಟಡದೊಳಗೆ ಏನು ನಡೆಯುತ್ತದೆ ಎಂದಿರಿ, ಕೊನೆಯಲ್ಲಿ ಯಾವ ಗುಣಕದಿಂದ ಗುಣಿಸಿದಿರಿ ಎನ್ನುವ ಮೂರು ಸಂಗತಿ. ಡಿಸೈನ್‌ಬಿಲ್ಡರ್, ಓಪನ್‌ಸ್ಟುಡಿಯೋ ಎರಡೂ ಒಳಗೆ ಎನರ್ಜಿಪ್ಲಸ್ಸನ್ನೇ ಓಡಿಸುತ್ತವೆ. ಈಕ್ವೆಸ್ಟ್‌ನ ಒಳಗೆ ಡಿಒಇ-2 ಇದೆ. ಹ್ಯಾಪ್, ಟ್ರೇಸ್‌ನಂಥ ಸಾಫ್ಟ್‌ವೇರ್‌ಗಳೂ ಇವೆ. ಪರದೆ ಯಾವುದಾದರೂ ಈ ಮೂರು ಪ್ರಶ್ನೆ ತಪ್ಪಿದ್ದಲ್ಲ. ಕೆಳಗಿನ ವಿವರ ಹೆಚ್ಚಾಗಿ ಎನರ್ಜಿಪ್ಲಸ್ ಭಾಷೆಯಲ್ಲಿದೆ, ಏಕೆಂದರೆ ಅದರಲ್ಲಿ ಎಲ್ಲವೂ ಬಿಚ್ಚಿಟ್ಟಂತೆ ಕಾಣುತ್ತದೆ.

ಯಾವ ದಿನ?

ಭಾರತದ ನಗರಗಳ ಹವಾಮಾನ ಫೈಲ್‌ಗಳು ಇಶ್ರೇ (ಭಾರತದ ಎಸಿ ಎಂಜಿನಿಯರುಗಳ ಸಂಘ) ತಯಾರಿಸಿದವು ಸಿಗುತ್ತವೆ. ಇತ್ತೀಚಿನ ವರ್ಷಗಳ ದತ್ತಾಂಶ ಬೇಕಿದ್ದರೆ ಒನ್‌ಬಿಲ್ಡಿಂಗ್ ತಾಣದ ಟಿಎಂವೈಎಕ್ಸ್ ಫೈಲ್‌ಗಳಿವೆ. ಜಿಪ್ ಬಿಚ್ಚಿದರೆ ಒಳಗೆ ಇಪಿಡಬ್ಲ್ಯೂ ಎಂಬ ಹವಾಮಾನ ಫೈಲ್ ಜೊತೆಗೆ ಡಿಡಿವೈ ಎಂಬ ಚಿಕ್ಕ ಫೈಲ್ ಇರುತ್ತದೆ. ಜನ ಅದನ್ನು ತೆರೆಯುವುದೇ ಇಲ್ಲ. ನಮಗೆ ಬೇಕಾದದ್ದು ಅದೇ: ಆ ಊರಿನ ಡಿಸೈನ್ ಡೇಗಳೆಲ್ಲ ಅಲ್ಲಿ ಬರೆದಿವೆ. ಅದನ್ನು ನಕಲಿಸಿ ಮಾಡೆಲ್‌ಗೆ ಅಂಟಿಸಿ, ಹಳೆಯ ಡಿಸೈನ್ ಡೇಗಳನ್ನು ಅಳಿಸಿ.

ಅಲ್ಲಿ ಕಾಣುವ ಶೇ. 0.4 ಎಂಬುದರ ಅರ್ಥ ಹೀಗೆ: ವರ್ಷದ 8,760 ಗಂಟೆಗಳಲ್ಲಿ ಸುಮಾರು 35 ಗಂಟೆ ಮಾತ್ರ ಹೊರಗಿನ ಉಷ್ಣತೆ ಇದಕ್ಕಿಂತ ಮೇಲೆ ಹೋಗುತ್ತದೆ. ಶೇ. 1 ಎಂದರೆ ಸುಮಾರು 88 ಗಂಟೆ, ಶೇ. 2 ಎಂದರೆ 175. ಚಳಿಗಾಲಕ್ಕೆ ಶೇ. 99.6 ಮತ್ತು 99. ಆಸ್ಪತ್ರೆ, ಸರ್ವರ್ ಕೋಣೆಗೆ 0.4 ಹಿಡಿಯಿರಿ. ಸಾಮಾನ್ಯ ಕಚೇರಿಗೆ 1 ಸಾಕು ಎನ್ನುವುದು ನನ್ನ ಅಭಿಪ್ರಾಯ. ಎರಡರ ನಡುವಿನ ಅಂತರ ನಮ್ಮ ಕಡೆ ಒಂದು ಡಿಗ್ರಿಯಷ್ಟೂ ಇರದು ಎನ್ನುವ ಊರುಗಳೇ ಹೆಚ್ಚು, ಹಾಗಾಗಿ ಇದಕ್ಕೆ ಜಗಳ ಬೇಡ.

ಜಗಳ ಆಡಬೇಕಾದ್ದು ಬೇರೆ ಕಡೆ. ಡಿಡಿವೈ ಫೈಲ್‌ನಲ್ಲಿ ಬೇಸಿಗೆಗೆ ಒಂದೇ ದಿನ ಇರುವುದಿಲ್ಲ. ಡ್ರೈ ಬಲ್ಬ್ (ಗಾಳಿಯ ಮಾಮೂಲಿ ಉಷ್ಣತೆ) ಗರಿಷ್ಠವಾದ ದಿನ, ವೆಟ್ ಬಲ್ಬ್ ಗರಿಷ್ಠವಾದ ದಿನ, ಡ್ಯೂ ಪಾಯಿಂಟ್ (ನೀರಾವಿ ಹನಿಗಟ್ಟುವ ಉಷ್ಣತೆ) ಗರಿಷ್ಠವಾದ ದಿನ, ಎನ್‌ಥಾಲ್ಪಿ (ತೇವವೂ ಸೇರಿ ಗಾಳಿಯ ಒಟ್ಟು ಶಾಖ) ಗರಿಷ್ಠವಾದ ದಿನ ಹೀಗೆ ನಾಲ್ಕು ಬಗೆ. ಮೊದಲನೆಯದನ್ನು ಮಾತ್ರ ಹಾಕಿಕೊಂಡು ಹೊರಡುವುದು ರೂಢಿ. ಬೆಂಗಳೂರಿಗೆ ಇದು ಎಷ್ಟು ಮೋಸ ಮಾಡುತ್ತದೆ ಎಂದು ಕೈಲೆಕ್ಕದಲ್ಲೇ ನೋಡಬಹುದು.

300 ಚದರ ಮೀಟರ್ ಕಚೇರಿ, 30 ಜನ ಎಂದಿಟ್ಟುಕೊಳ್ಳಿ. ಅಮೆರಿಕದ ಎಸಿ ಎಂಜಿನಿಯರುಗಳ ಸಂಘ ಆಶ್ರೇಯ ಮಾನದಂಡ 62.1ರ ಪ್ರಕಾರ ಹೊರಗಾಳಿ ತಲಾ ಸೆಕೆಂಡಿಗೆ 2.5 ಲೀಟರ್, ಜೊತೆಗೆ ಚದರ ಮೀಟರಿಗೆ 0.3 ಲೀಟರ್: 75 ಮತ್ತು 90, ಒಟ್ಟು 165 ಲೀಟರ್. ಒಳಗೆ 24 ಡಿಗ್ರಿ, ಶೇ. 50 ತೇವ, ಬೆಂಗಳೂರಿನ ಒತ್ತಡದಲ್ಲಿ ಅದು ಕಿಲೋ ಗಾಳಿಗೆ 10.4 ಗ್ರಾಂ ನೀರಾವಿ. ಡ್ರೈ ಬಲ್ಬ್ ದಿನ ಹೊರಗೆ 34 ಡಿಗ್ರಿ, ವೆಟ್ ಬಲ್ಬ್ 20, ಅಲ್ಲಿ 10.6 ಗ್ರಾಂ. ಅಂದರೆ ಹೊರಗಾಳಿ ಬಿಸಿಯಾಗಿದೆ, ಆದರೆ ಒಳಗಿನಷ್ಟೇ ಒಣಗಿದೆ. ಅದರಿಂದ ಬರುವ ಸೆನ್ಸಿಬಲ್ ಹೊರೆ (ಉಷ್ಣತೆ ಇಳಿಸುವ ಕೆಲಸ) 1.7 ಕಿಲೋವ್ಯಾಟ್, ಲೇಟೆಂಟ್ ಹೊರೆ (ತೇವ ತೆಗೆಯುವ ಕೆಲಸ) ಹೆಚ್ಚುಕಡಿಮೆ ಸೊನ್ನೆ. ಈಗ ಹೊರಗೆ 29 ಡಿಗ್ರಿ, ವೆಟ್ ಬಲ್ಬ್ 23 ಇರುವ ಒಂದು ಮಧ್ಯಾಹ್ನ ನೋಡಿ. ಮಳೆ ಬಿಟ್ಟು ಬಿಸಿಲು ಹೊರಬಿದ್ದ ದಿನಗಳಲ್ಲಿ ಇಂಥದ್ದು ಬರುತ್ತದೆ. ನೀರಾವಿ ಸುಮಾರು 17.3 ಗ್ರಾಂ. ಸೆನ್ಸಿಬಲ್ 0.85ಕ್ಕೆ ಇಳಿಯಿತು, ಲೇಟೆಂಟ್ 2.9ಕ್ಕೆ ಏರಿತು, ಒಟ್ಟು 3.8 ಕಿಲೋವ್ಯಾಟ್. ಐದು ಡಿಗ್ರಿ ತಂಪಾದ ದಿನದಲ್ಲಿ ಹೊರಗಾಳಿಯ ಹೊರೆ ಎರಡು ಪಟ್ಟು.

ಬರೀ ಹೊರಗಾಳಿಯನ್ನು ತಂಪು ಮಾಡುವ ಯಂತ್ರವಿದ್ದರೆ, ಅಂದರೆ ಡಿಒಎಎಸ್ ಹಾಕುವುದಿದ್ದರೆ, ಡ್ರೈ ಬಲ್ಬ್ ದಿನದ ಮೇಲೆ ಅದರ ಗಾತ್ರ ನಿರ್ಧರಿಸಿದವರು ಆಗಸ್ಟ್‌ನಲ್ಲಿ ಬೈಗುಳ ತಿನ್ನುತ್ತಾರೆ. ಮಂಗಳೂರಿನಲ್ಲಂತೂ ಕೇಳುವುದೇ ಬೇಡ. ಮೇ ತಿಂಗಳಲ್ಲಿ ಡ್ಯೂ ಪಾಯಿಂಟ್ 26 ಡಿಗ್ರಿ ಇದ್ದ ದಿನ ಹೊರಗಾಳಿಯಲ್ಲಿ ಕಿಲೋಗೆ 21 ಗ್ರಾಂಗೂ ಮೇಲೆ ನೀರಾವಿ. ಅದೇ 165 ಲೀಟರ್ ಗಾಳಿಯ ಲೇಟೆಂಟ್ ಹೊರೆಯೊಂದೇ ಐದೂವರೆ ಕಿಲೋವ್ಯಾಟ್ ದಾಟುತ್ತದೆ. ನಾಲ್ಕೂ ಬಗೆಯ ದಿನಗಳನ್ನು ಮಾಡೆಲ್‌ನಲ್ಲಿ ಇಡಿ. ಪ್ರತಿ ಕೋಣೆಗೆ, ಪ್ರತಿ ಸಿಸ್ಟಮ್‌ಗೆ ಯಾವ ದಿನ ಗೆದ್ದಿತು ಎಂದು ಎನರ್ಜಿಪ್ಲಸ್ ತಾನೇ ಆರಿಸುತ್ತದೆ. ಅದಕ್ಕೆ ಹೆಚ್ಚುವರಿ ಖರ್ಚು ಕೆಲವು ಸೆಕೆಂಡು.

ಬಿಸಿಲಿನ ತಿಂಗಳು ಇನ್ನೊಂದು ಉರುಳು. ಡಿಸೈನ್ ಡೇ ಏಪ್ರಿಲ್‌ನಲ್ಲೋ ಮೇನಲ್ಲೋ ಬಿತ್ತು ಎನ್ನಿ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ಮೇ, ಜೂನ್‌ನಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ದಕ್ಷಿಣದ ಗಾಜಿಗೆ ಆಗ ನೇರ ಬಿಸಿಲೇ ತಾಗುವುದಿಲ್ಲ. ಡಿಸೆಂಬರ್‌ನಲ್ಲಿ ಅದೇ ಸೂರ್ಯ ಮಧ್ಯಾಹ್ನ 53-54 ಡಿಗ್ರಿ ಎತ್ತರದಲ್ಲಿ ದಕ್ಷಿಣಕ್ಕಿದ್ದು ಕಿಟಕಿಯೊಳಗೆ ನೇರ ಇಣುಕುತ್ತಾನೆ. ಹೊರಗೆ 27 ಡಿಗ್ರಿ ಇದ್ದರೂ ದಕ್ಷಿಣ ಅಂಚಿನ ಕೋಣೆಗಳಿಗೆ ವರ್ಷದ ಅತಿ ದೊಡ್ಡ ಹೊರೆ ಬರುವುದು ಡಿಸೆಂಬರ್-ಜನವರಿಯಲ್ಲಿ. "ಬೇಸಿಗೆಯಲ್ಲಿ ಚೆನ್ನಾಗಿತ್ತು, ಸಂಕ್ರಾಂತಿಗೆ ಸೆಕೆ" ಎಂಬ ದೂರಿನ ಬೇರು ಇದು. ತಿಂಗಳುವಾರು ಡಿಸೈನ್ ಡೇಗಳೂ ಸಿಗುತ್ತವೆ, ಹನ್ನೆರಡನ್ನೂ ಹಾಕಿಬಿಡಿ.

ಡಿಸೈನ್ ಡೇಗೆ ಒಂದು ಸ್ವಭಾವವಿದೆ, ಮರೆಯಬಾರದು. ಗೋಡೆ, ತಾರಸಿಯ ಉಷ್ಣತೆ ಒಂದು ಸ್ಥಿತಿಗೆ ಬರುವ ತನಕ ಸಾಫ್ಟ್‌ವೇರ್ ಅದೇ ದಿನವನ್ನು ಮತ್ತೆ ಮತ್ತೆ ಓಡಿಸುತ್ತದೆ. ಡೀಫಾಲ್ಟ್ ಮಿತಿ 25 ಸಲ. ದಪ್ಪ ಕಲ್ಲುಗೋಡೆಯ ಕಟ್ಟಡಕ್ಕೆ ಇದು ಕೊಂಚ ಅನ್ಯಾಯ, ಏಕೆಂದರೆ ನಿಜಜೀವನದಲ್ಲಿ ಅತಿ ಬಿಸಿ ದಿನಗಳು ಅಷ್ಟು ಉದ್ದಕ್ಕೆ ಸಾಲುಗಟ್ಟುವುದಿಲ್ಲ. ಇನ್ನೊಂದು ಕಡೆ, ಹಿಂದಿನ ದಿನವೂ ಎಸಿ ಓಡಿದ ಕೆಲಸದ ದಿನವೇ ಆಗಿರುವುದರಿಂದ, ಭಾನುವಾರ ಮುಚ್ಚಿಟ್ಟು ಕಾದ ಕಟ್ಟಡವನ್ನು ಸೋಮವಾರ ಬೆಳಿಗ್ಗೆ ತಣ್ಣಗಾಗಿಸುವ ಹೊರೆ ಇಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಹವಾಮಾನ ಫೈಲ್‌ನ ನಿಜವಾದ ಒಂದು ವಾರವನ್ನೇ ಸೈಜಿಂಗ್ ಅವಧಿಯಾಗಿ ಕೊಡುವ ಅವಕಾಶವಿದೆ.

ಆ ದಿನ ಒಳಗೆ ಏನು ನಡೆಯುತ್ತಿದೆ?

ವೇಳಾಪಟ್ಟಿಯಲ್ಲಿ ವಾರದ ದಿನಗಳ ಜೊತೆಗೆ ಸಮ್ಮರ್ ಡಿಸೈನ್ ಡೇ, ವಿಂಟರ್ ಡಿಸೈನ್ ಡೇ ಎಂಬ ಎರಡು ವಿಶೇಷ ದಿನಗಳಿವೆ. "ವಾರದ ದಿನಗಳು: 9ರಿಂದ 6ರವರೆಗೆ 0.9, ಉಳಿದ ಎಲ್ಲ ದಿನ: 0" ಎಂದು ಬರೆದು ಮುಗಿಸಿದಿರೋ, ಡಿಸೈನ್ ಡೇ ಆ "ಉಳಿದ ಎಲ್ಲ ದಿನ" ಎಂಬುದರಲ್ಲಿ ಬೀಳುತ್ತದೆ. ಜನ ಇಲ್ಲ, ದೀಪ ಇಲ್ಲ, ಕಂಪ್ಯೂಟರ್ ಇಲ್ಲ. ಥರ್ಮೋಸ್ಟಾಟ್ ವೇಳಾಪಟ್ಟಿಯಲ್ಲೂ ಇದೇ ಆದರೆ ರಜಾದಿನದ 30 ಡಿಗ್ರಿಗೆ ಕೂಲಿಂಗ್ ಲೆಕ್ಕ ಆಗುತ್ತದೆ. ಯಾವ ದೋಷವನ್ನೂ ಸಾಫ್ಟ್‌ವೇರ್ ಹೇಳುವುದಿಲ್ಲ, ಹೇಳುವಂಥದ್ದು ಏನೂ ನಡೆದಿಲ್ಲವಲ್ಲ. ಬೇಸಿಗೆಯ ಡಿಸೈನ್ ಡೇಗೆ ಜನ, ದೀಪ, ಉಪಕರಣ ಪೂರ್ತಿ. ಚಳಿಗಾಲದ್ದಕ್ಕೆ ಮೂರೂ ಸೊನ್ನೆ, ಆಕಾಶದ ಸ್ವಚ್ಛತೆಯೂ ಸೊನ್ನೆ. ಹೊರಗಾಳಿಯ ವೇಳಾಪಟ್ಟಿ ಮಾತ್ರ ಎರಡರಲ್ಲೂ ತೆರೆದಿರಲಿ. ಗಾಳಿಯನ್ನೇ ಮುಚ್ಚಿ ಹೀಟಿಂಗ್ ಲೆಕ್ಕ ಹಾಕಿದ ಮಾಡೆಲ್‌ಗಳು ಬೇಕಾದಷ್ಟಿವೆ.

ಉಪಕರಣಗಳ ಹೊರೆಯಲ್ಲಿ ಎಲ್ಲರೂ ಉದಾರಿಗಳು. ಲ್ಯಾಪ್‌ಟಾಪ್ ಅಡಾಪ್ಟರ್ ಮೇಲೆ 65 ವ್ಯಾಟ್ ಎಂದಿರುತ್ತದೆ. ದಿನದ ಬಹುಪಾಲು ಅದು ಅರ್ಧವನ್ನೂ ಎಳೆಯುವುದಿಲ್ಲ. ಬೋರ್ಡ್‌ನ ಮೇಲೆ ಬರೆದ ವ್ಯಾಟ್‌ಗಳನ್ನು ಕೂಡಿಸಿ ಚದರ ಮೀಟರಿಗೆ 40 ವ್ಯಾಟ್ ಎಂದು ತರುವವರಿಗೆ ಅದೇ ಸಂಸ್ಥೆಯ ಹಳೆಯ ಕಚೇರಿಯ ವಿದ್ಯುತ್ ಬಿಲ್ ಕೇಳಿ. ಎಸಿ, ದೀಪ ಕಳೆದು ಉಳಿದದ್ದನ್ನು ಕೆಲಸದ ಗಂಟೆಗಳಿಂದ ಭಾಗಿಸಿದರೆ ಸತ್ಯ ಹೊರಬರುತ್ತದೆ.

ಮೇಲಿನ 300 ಚದರ ಮೀಟರ್ ಮಹಡಿಯನ್ನೇ ಮುಂದುವರಿಸೋಣ. ಅದು ಮೇಲ್ಮಹಡಿ, ತಲೆಯ ಮೇಲೆ ತಾರಸಿ. ದೀಪ ಚದರ ಮೀಟರಿಗೆ 8 ವ್ಯಾಟ್‌ನಂತೆ 2.4 ಕಿಲೋವ್ಯಾಟ್. ಉಪಕರಣ 3.5. ಕುಳಿತು ಕೆಲಸ ಮಾಡುವ ಮನುಷ್ಯ ಸುಮಾರು 75 ವ್ಯಾಟ್ ಸೆನ್ಸಿಬಲ್, 55 ವ್ಯಾಟ್ ಲೇಟೆಂಟ್ ಬಿಡುತ್ತಾನೆ. 30 ಜನರಿಗೆ 3.9. ಒಳಗಿನದ್ದೇ ಒಟ್ಟು 9.8. ಹೊರಗಾಳಿ, ಡ್ರೈ ಬಲ್ಬ್ ದಿನ, 1.8. ಪಶ್ಚಿಮಕ್ಕೆ 22.5 ಚದರ ಮೀಟರ್ ಗಾಜು, ಸಂಜೆ ಅದರ ಮೇಲೆ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಎಂದುಕೊಂಡರೆ, ಒಂಟಿ ಪಾರದರ್ಶಕ ಗಾಜಿನಲ್ಲಿ, ಎಸ್‌ಎಚ್‌ಜಿಸಿ (ಬಿಸಿಲಿನ ಶಾಖದಲ್ಲಿ ಗಾಜು ಒಳಬಿಡುವ ಪಾಲು) 0.82, ಒಳಬರುವುದು 11 ಕಿಲೋವ್ಯಾಟ್. ಎಸ್‌ಎಚ್‌ಜಿಸಿ 0.27ರ ಗಾಜಾದರೆ 3.6. ಬೋಳು ಆರ್‌ಸಿಸಿ ತಾರಸಿಯ ಯು-ಮೌಲ್ಯ (ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ ಹಾಯುವ ವ್ಯಾಟ್) 3ರ ಹತ್ತಿರ. ಬಿಸಿಲು, ವಿಳಂಬ ಎಲ್ಲ ಸೇರಿ ಪರಿಣಾಮದಲ್ಲಿ 20 ಡಿಗ್ರಿ ಅಂತರ ಎಂದು ಹಿಡಿದರೆ 18 ಕಿಲೋವ್ಯಾಟ್. ಮೇಲೆ 50 ಮಿಲಿಮೀಟರ್ ಎಕ್ಸ್‌ಪಿಎಸ್ ಫೋಮ್ ಹಾಸಿದರೆ ಯು 0.5ಕ್ಕೆ ಇಳಿದು ಆ ಹೊರೆ 3ಕ್ಕೆ ಬರುತ್ತದೆ.

ಗೋಡೆ, ಉಳಿದ ಕಿಟಕಿ ಬಿಟ್ಟು ಕೂಡಿದರೆ ಬೋಳು ಕಟ್ಟಡಕ್ಕೆ 40.6 ಕಿಲೋವ್ಯಾಟ್, ಅಂದರೆ 11.5 ಟನ್. ಗಾಜು, ತಾರಸಿ ಸರಿಮಾಡಿದ ಕಟ್ಟಡಕ್ಕೆ 18.2, ಅಂದರೆ 5.2 ಟನ್. ಒಂದು ಟನ್ ಎಂದರೆ 3.517 ಕಿಲೋವ್ಯಾಟ್. "150 ಚದರ ಅಡಿಗೆ ಒಂದು ಟನ್" ಎಂಬ ಬಾಯಿಲೆಕ್ಕ ಇದೇ 3,230 ಚದರ ಅಡಿಗೆ 21.5 ಟನ್ ಹಾಕಿಸುತ್ತದೆ, ತಾರಸಿಗೆ ಏನು ಹಾಸಿದ್ದೀರಿ ಎಂದು ಕೇಳುವುದೂ ಇಲ್ಲ.

ಈ ಕೈಲೆಕ್ಕ ಸಾಫ್ಟ್‌ವೇರ್‌ಗೆ ಬದಲಿಯಲ್ಲ. ಗಾಜಿನ ಗರಿಷ್ಠ ಸಂಜೆ 4ಕ್ಕೆ, ತಾರಸಿಯದ್ದು ಬೇರೆ ಹೊತ್ತಿಗೆ, ಒಳಬಂದ ಬಿಸಿಲಿನ ಒಂದು ಪಾಲು ನೆಲದಲ್ಲಿ ಅಡಗಿ ನಿಧಾನಕ್ಕೆ ಹೊರಬರುತ್ತದೆ. ಆ ಲೆಕ್ಕಕ್ಕೇ ಸಿಮ್ಯುಲೇಷನ್ ಬೇಕಾದ್ದು. ಆದರೆ ಕೈಲೆಕ್ಕ ಪಕ್ಕದಲ್ಲಿರಲಿ. ವರದಿಗಳಲ್ಲಿ ಜೋನ್ ಕಾಂಪೊನೆಂಟ್ ಲೋಡ್ ಸಮ್ಮರಿ ಎಂಬುದನ್ನು ಆನ್ ಮಾಡಿದರೆ ಗರಿಷ್ಠ ಕ್ಷಣದಲ್ಲಿ ಯಾವುದರ ಪಾಲು ಎಷ್ಟು ಎಂದು ಸಾಲುಸಾಲಾಗಿ ಬರುತ್ತದೆ. ನಿಮ್ಮ ಕೈಲೆಕ್ಕದಲ್ಲಿ ತಾರಸಿ 18 ಇದ್ದು ಅಲ್ಲಿ 0.4 ಇದ್ದರೆ, ತಾರಸಿಯ ಮೇಲ್ಮೈಯನ್ನು ಹೊರಗಾಳಿಗೆ ಒಡ್ಡುವ ಬದಲು ಅಡಿಯಬಾಟಿಕ್ (ಶಾಖ ಹಾಯದ್ದು) ಎಂದು ಬಿಟ್ಟಿದ್ದೀರಿ. ಒಂದೇ ಮಹಡಿಯ ಮಾಡೆಲ್ ಅನ್ನು ನಕಲು ಮಾಡಿದಾಗ ಆಗುವ ತಪ್ಪು ಇದು, ತೀರಾ ಸಾಮಾನ್ಯ.

ಗಾಳಿಯ ಲೆಕ್ಕ, ಎತ್ತರದ ಲೆಕ್ಕ

ಕೋಣೆಯ ಸೆನ್ಸಿಬಲ್ ಹೊರೆ 15 ಕಿಲೋವ್ಯಾಟ್, ಕೋಣೆ 24, ಬರುವ ಗಾಳಿ 13 ಡಿಗ್ರಿ ಎಂದರೆ ಸೆಕೆಂಡಿಗೆ 1.34 ಕಿಲೋ ಗಾಳಿ ಬೇಕು. ಸಮುದ್ರಮಟ್ಟದಲ್ಲಿ ಅದು ಸುಮಾರು 2,360 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). ಬೆಂಗಳೂರಿನಲ್ಲಿ ಗಾಳಿ ಶೇ. 10ರಷ್ಟು ತೆಳು, ಆದ್ದರಿಂದ ಅದೇ ತೂಕಕ್ಕೆ 2,630 ಸಿಎಫ್‌ಎಂ. ಹೊರೆಯಿಂದ ಸಿಎಫ್‌ಎಂ ಲೆಕ್ಕಿಸಲು ಎಲ್ಲರಿಗೂ ಬಾಯಿಗೆ ಬರುವ 1.08 ಎಂಬ ಗುಣಕ ಬೆಂಗಳೂರಿನಲ್ಲಿ 0.97. ಸಾಫ್ಟ್‌ವೇರ್ ಇದನ್ನು ಎತ್ತರದ ಅಂಕಿಯಿಂದ ತಾನೇ ಮಾಡಿಕೊಳ್ಳುತ್ತದೆ, ಆ ಅಂಕಿ ಸರಿಯಿದ್ದರೆ. ಬಳಿಕ ಡಕ್ಟ್ ಲೆಕ್ಕ ಮಾಡುವವರು ಎಕ್ಸೆಲ್‌ನಲ್ಲಿ ಮತ್ತೆ 1.08 ಹಾಕಿಕೊಂಡು, "ಸಾಫ್ಟ್‌ವೇರ್ ಜಾಸ್ತಿ ತೋರಿಸಿದೆ" ಎಂದು ಫ್ಯಾನ್ ಕಡಿಮೆ ಮಾಡುತ್ತಾರೆ. ತಪ್ಪಿರುವುದು ಎಕ್ಸೆಲ್.

ಇದರ ಜೊತೆಗೇ ಬರುವ ಒಂದು ಸೂಕ್ಷ್ಮ. ಡಿಎಕ್ಸ್ ಕಾಯಿಲ್‌ಗಳಿಗೆ (ಒಳಗೆ ರೆಫ್ರಿಜರೆಂಟ್ ಹರಿದು ಗಾಳಿಯನ್ನು ನೇರ ತಂಪು ಮಾಡುವ ಸುರುಳಿಗಳಿಗೆ) ಟನ್ನಿಗೆ 300ರಿಂದ 450 ಸಿಎಫ್‌ಎಂ ಒಳಗೇ ಗಾಳಿ ಇರಬೇಕು ಎಂಬ ಮಿತಿ ಎನರ್ಜಿಪ್ಲಸ್‌ನಲ್ಲಿದೆ. ಆಟೋಸೈಜ್ ಮಾಡುವಾಗ ಗಾಳಿ ಈ ಮಿತಿ ಮೀರಿದರೆ ಅದು ಗಾಳಿಯನ್ನು ಇಳಿಸುವುದಿಲ್ಲ. ಮಿತಿಯೊಳಗೆ ಬರುವ ತನಕ ಟನ್ನನ್ನು ಏರಿಸುತ್ತದೆ. ಬೆಂಗಳೂರಿನಂಥ ಒಣ, ಎತ್ತರದ ಊರಿನಲ್ಲಿ ಲೇಟೆಂಟ್ ಪಾಲು ಸಣ್ಣದು, ಗಾಳಿಯ ಗಾತ್ರ ದೊಡ್ಡದು, ಹಾಗಾಗಿ ಈ ಮಿತಿ ಸುಲಭವಾಗಿ ತಾಗುತ್ತದೆ. ಅದರ ಮೇಲೆ ಯಾರಾದರೂ ಸೈಜಿಂಗ್ ಜೋನ್‌ನಲ್ಲಿ ಬರುವ ಗಾಳಿಯ ಉಷ್ಣತೆಯನ್ನು 13ರ ಬದಲು 16 ಎಂದು ಬಿಟ್ಟಿದ್ದರೆ ಗಾಳಿ ಇನ್ನೂ ಊದಿಕೊಂಡು, ಹೊರೆ ಕಿಂಚಿತ್ತೂ ಬದಲಾಗದೆ ಯಂತ್ರ ದೊಡ್ಡದಾಗುತ್ತದೆ. ಹೊರೆಗೂ ಕಾಯಿಲ್ ಸಾಮರ್ಥ್ಯಕ್ಕೂ ಹೊಂದಾಣಿಕೆ ಇಲ್ಲ ಅನ್ನಿಸಿದಾಗ ಮೊದಲು ನೋಡಬೇಕಾದ ಜಾಗ ಇದು.

ಗುಣಕದ ಮೇಲೆ ಗುಣಕ

ಸೈಜಿಂಗ್ ಪ್ಯಾರಾಮೀಟರ್ಸ್ ಎಂಬಲ್ಲಿ ಹೀಟಿಂಗ್‌ಗೆ 1.25, ಕೂಲಿಂಗ್‌ಗೆ 1.15 ಡೀಫಾಲ್ಟ್ ಆಗಿ ಕೂತಿವೆ. ಆಶ್ರೇಯ ಇಂಧನ ಮಾನದಂಡ 90.1ರ ಅನುಬಂಧ ಜಿ ತನ್ನ ಬೇಸ್‌ಲೈನ್ (ಹೋಲಿಕೆಯ) ಕಟ್ಟಡಕ್ಕೆ ಹೇಳುವ ಶೇ. 25, ಶೇ. 15 ಇವೇ. ಅದು ಎರಡು ಕಟ್ಟಡಗಳನ್ನು ಹೋಲಿಸುವಾಗಿನ ನಿಯಮ. ನಿಮ್ಮ ಚಿಲ್ಲರ್ (ತಣ್ಣೀರು ತಯಾರಿಸುವ ಯಂತ್ರ) ಕೊಳ್ಳಲು ಬರೆದದ್ದಲ್ಲ. ಈ 1.15 ಇದೆ ಎಂದು ಗೊತ್ತಿಲ್ಲದೆ ಮಾಡೆಲ್ ಮಾಡಿದವರು ವರದಿ ಕಳಿಸುತ್ತಾರೆ. ಕನ್ಸಲ್ಟೆಂಟ್ ಅದಕ್ಕೆ ಶೇ. 10 ಸೇರಿಸುತ್ತಾರೆ. ಕಾಂಟ್ರಾಕ್ಟರ್ ಕ್ಯಾಟಲಾಗ್‌ನಲ್ಲಿ ಮುಂದಿನ ದೊಡ್ಡ ಸೈಜ್ ಹಿಡಿಯುತ್ತಾರೆ, ಅದು ಶೇ. 20 ದೊಡ್ಡದು. ಅಡುಗೆಯವನು ಉಪ್ಪು ಹಾಕಿದ, ಬಡಿಸುವವನು ಹಾಕಿದ, ಉಣ್ಣುವವನೂ ಚಿಟಿಕೆ ಉದುರಿಸಿಕೊಂಡ. 1.15, 1.10, 1.20 ಗುಣಿಸಿದರೆ 1.52. ನಮ್ಮ 5.2 ಟನ್ 7.9 ಆಯಿತು; ಒಬ್ಬರೂ ಅಳತೆ ಮೀರಿದ್ದೇವೆ ಅಂದುಕೊಂಡಿಲ್ಲ.

ಮಾಡಬೇಕಾದ್ದು: ಎರಡು ಗುಣಕಗಳನ್ನೂ 1.0ಕ್ಕೆ ಇಳಿಸಿ ಓಡಿಸಿ, ಬೆತ್ತಲೆ ಹೊರೆ ನೋಡಿ. ಎಷ್ಟು ಸೇರಿಸಬೇಕೆಂದು ಒಂದೇ ಕಡೆ, ಒಬ್ಬರೇ, ಕಾರಣ ಬರೆದು ಸೇರಿಸಿ. ಎಚ್‌ವಿಎಸಿ ಸೈಜಿಂಗ್ ಸಮ್ಮರಿ ಕೋಷ್ಟಕದಲ್ಲಿ ಕ್ಯಾಲ್ಕುಲೇಟೆಡ್ ಡಿಸೈನ್ ಲೋಡ್, ಯೂಸರ್ ಡಿಸೈನ್ ಲೋಡ್ ಎಂಬ ಎರಡು ಕಾಲಂ ಅಕ್ಕಪಕ್ಕದಲ್ಲಿವೆ. ಎರಡನೆಯದರಲ್ಲಿ ಗುಣಕ ಸೇರಿರುತ್ತದೆ. ವರದಿಗೆ ಯಾವುದನ್ನು ನಕಲಿಸಿದಿರಿ ಎಂದು ಹೆಸರಿಸಿಯೇ ಬರೆಯಿರಿ.

ಇನ್ನೊಂದು ಕಡೆ ಗೊತ್ತಿಲ್ಲದೆ ಉಬ್ಬುವುದು ಕೂಡಿಸುವಾಗ. ಪೂರ್ವದ ಕೋಣೆಗಳ ಗರಿಷ್ಠ ಬೆಳಿಗ್ಗೆ 9ಕ್ಕೆ, ಪಶ್ಚಿಮದ್ದು ಸಂಜೆ 4ಕ್ಕೆ. ಕೋಣೆಗಳ ಒಳಗಿನ ಯೂನಿಟ್‌ಗಳಿಗೆ ಅವರವರ ಗರಿಷ್ಠವೇ ಬೇಕು. ಆದರೆ ಎಲ್ಲಕ್ಕೂ ಒಂದೇ ಆದ ಚಿಲ್ಲರ್‌ಗೋ ಹಲವು ಒಳಘಟಕಗಳನ್ನು ನಡೆಸುವ ವಿಆರ್‌ಎಫ್ ಹೊರಘಟಕಕ್ಕೋ ಒಂದೇ ಹೊತ್ತಿನ ಒಟ್ಟು ಸಾಕು. ಸೈಜಿಂಗ್ ಸಿಸ್ಟಮ್‌ನಲ್ಲಿ ಡೀಫಾಲ್ಟ್ ನಾನ್‌ಕೋಇನ್ಸಿಡೆಂಟ್, ಅಂದರೆ ಬಿಡಿ ಗರಿಷ್ಠಗಳ ಮೊತ್ತ. ಗಾಳಿಯ ಪ್ರಮಾಣ ಬದಲಾಗುವ ವಿಎವಿ ವ್ಯವಸ್ಥೆಗೆ ಅದನ್ನು ಕೋಇನ್ಸಿಡೆಂಟ್ ಮಾಡಿ.

ಕ್ಯಾಟಲಾಗ್‌ನ ಟನ್ನು ನಿಮ್ಮ ಟನ್ನಲ್ಲ

ಸಾಫ್ಟ್‌ವೇರ್ ಕೊಟ್ಟದ್ದು ನಿಮ್ಮ ಊರಿನ ಸ್ಥಿತಿಯಲ್ಲಿನ ಹೊರೆ. ಕ್ಯಾಟಲಾಗ್ ಹೇಳುವುದು ಪ್ರಯೋಗಾಲಯದ ಸ್ಥಿತಿಯ ಸಾಮರ್ಥ್ಯ: ಸ್ಪ್ಲಿಟ್ ಎಸಿಗಾದರೆ ಒಳಗೆ 27 ಡಿಗ್ರಿ, ವೆಟ್ ಬಲ್ಬ್ 19, ಹೊರಗೆ 35. ನಿಮ್ಮ ಕೋಣೆ 24 ಡಿಗ್ರಿ, ವೆಟ್ ಬಲ್ಬ್ 17. ಒಳಬರುವ ಗಾಳಿ ತಣ್ಣಗಾದಷ್ಟೂ, ಒಣಗಿದಷ್ಟೂ ಕಾಯಿಲ್ ಕೊಡುವ ಸಾಮರ್ಥ್ಯ ಇಳಿಯುತ್ತದೆ. 40 ದಾಟುವ ಕಲಬುರಗಿಯ ಮೇ ತಿಂಗಳಲ್ಲಿ ಹೊರಘಟಕವೂ ಬಿಸಿಗೆ ಸೋಲುತ್ತದೆ. ತಯಾರಕರ ಪೂರ್ಣ ಸಾಮರ್ಥ್ಯ ಕೋಷ್ಟಕ ತೆಗೆಸಿ ನಿಮ್ಮ ಸ್ಥಿತಿಯ ಸಾಲನ್ನೇ ಓದಿ, ಒಟ್ಟು ಸಾಮರ್ಥ್ಯದ ಜೊತೆ ಸೆನ್ಸಿಬಲ್ ಸಾಮರ್ಥ್ಯವನ್ನೂ. ಬೆಂಗಳೂರಿನಲ್ಲಿ ಒಟ್ಟು ಸಾಕಾಗಿ ಸೆನ್ಸಿಬಲ್ ಸಾಲದೆ ಹೋಗುವುದು, ಮಂಗಳೂರಿನಲ್ಲಿ ಅದರ ತಿರುವುಮುರುವು ಆಗುವುದು, ಎರಡೂ ಉಂಟು. ನೀರಿನಿಂದ ತಂಪಾಗುವ ಚಿಲ್ಲರ್‌ಗೆ ಅಳತೆಯ ಸ್ಥಿತಿ ಕಂಡೆನ್ಸರ್‌ಗೆ 29.4 ಡಿಗ್ರಿ ನೀರು. ಕೂಲಿಂಗ್ ಟವರ್ ಅದನ್ನು ಕೊಡುತ್ತದೋ ಎಂಬುದನ್ನು ವೆಟ್ ಬಲ್ಬ್ ದಿನದಲ್ಲಿ ಪರೀಕ್ಷಿಸಬೇಕು, ಡ್ರೈ ಬಲ್ಬ್ ದಿನದಲ್ಲಲ್ಲ.

ದೊಡ್ಡದಿದ್ದರೆ ಏನು ನಷ್ಟ ಎಂಬ ಪ್ರಶ್ನೆಗೆ ಕರಾವಳಿಯಲ್ಲಿ ಉತ್ತರ ಗೋಡೆಯ ಮೇಲೇ ಬೂಷ್ಟಾಗಿ ಬೆಳೆದಿರುತ್ತದೆ. ದೊಡ್ಡ ಯಂತ್ರ ಕೋಣೆಯನ್ನು ಬೇಗ ತಣ್ಣಗೆ ಮಾಡಿ ನಿಲ್ಲುತ್ತದೆ. ಕಂಪ್ರೆಸರ್ ಶುರುವಾದ ಮೇಲೆ ಕಾಯಿಲ್ ಮೇಲೆ ನೀರು ಕೂಡಿ, ತಟ್ಟೆಗೆ ಇಳಿದು, ಕೊಳವೆಯಿಂದ ಹೊರಹೋಗಲು ನಿಮಿಷಗಟ್ಟಲೆ ಬೇಕು. ಅಷ್ಟರೊಳಗೆ ಕಂಪ್ರೆಸರ್ ನಿಂತು ಫ್ಯಾನ್ ಮಾತ್ರ ತಿರುಗುತ್ತಿದ್ದರೆ ಕಾಯಿಲ್ ಮೇಲಿನ ನೀರು ಮತ್ತೆ ಆವಿಯಾಗಿ ಕೋಣೆಗೇ ಬರುತ್ತದೆ. 24 ಡಿಗ್ರಿ ಇದೆ, ಮೈ ಮಾತ್ರ ಅಂಟಂಟು. ಎನರ್ಜಿಪ್ಲಸ್‌ನ ಒಂದು ವೇಗದ ಡಿಎಕ್ಸ್ ಕಾಯಿಲ್‌ನಲ್ಲಿ ಇದನ್ನು ಲೆಕ್ಕಿಸುವ ನಾಲ್ಕು ಅಂಕಿಗಳಿವೆ. ನೀರು ಹೊರಹೋಗಲು ತೊಡಗುವ ಸಮಯ 1,000 ಸೆಕೆಂಡು, ಗಂಟೆಗೆ ಗರಿಷ್ಠ 3 ಸಲ ಆನ್-ಆಫ್ ಎಂಬಂಥವು. ಆದರೆ ನಾಲ್ಕೂ ಡೀಫಾಲ್ಟ್ ಆಗಿ ಸೊನ್ನೆ, ಅಂದರೆ ಈ ಪರಿಣಾಮ ಲೆಕ್ಕದಲ್ಲೇ ಇಲ್ಲ. ಮಂಗಳೂರು, ಕಾರವಾರದ ಮಾಡೆಲ್‌ಗಳಲ್ಲಿ ಇವನ್ನು ತುಂಬದೆ "ದೊಡ್ಡ ಯಂತ್ರ ಹಾಕಿದರೂ ತೇವ ಸರಿಯಿದೆ" ಎಂದು ಬರುವ ಫಲಿತಾಂಶವನ್ನು ನಂಬಬೇಡಿ.

ಹೀಟಿಂಗ್

ಕರ್ನಾಟಕದ ಕಚೇರಿಗಳಿಗೆ ಈ ಭಾಗ ಬೇಡ. ಆದರೆ ಅಮೆರಿಕ, ಕೆನಡಾದ ಕಟ್ಟಡಗಳ ಮಾಡೆಲ್ ಬೆಂಗಳೂರಿನಲ್ಲಿ ಕೂತು ಮಾಡುವವರು ಸಾಕಷ್ಟಿದ್ದಾರೆ, ಅವರಿಗೆ ಷಿಕಾಗೋ ದಿನ ನಿಜಕ್ಕೂ ಬೇಕು. ಅದೇ 165 ಲೀಟರ್ ಹೊರಗಾಳಿ ಮೈನಸ್ 17.3ರಿಂದ 21ಕ್ಕೆ ಬರಲು ಸುಮಾರು 7.5 ಕಿಲೋವ್ಯಾಟ್ ಬೇಡುತ್ತದೆ. ಬೆಂಗಳೂರಿನ ಬೇಸಿಗೆಯ ನಾಲ್ಕು ಪಟ್ಟು. ಇಲ್ಲಿ ತಪ್ಪು ಆಗುವುದು ರಾತ್ರಿಯ ಸೆಟ್‌ಬ್ಯಾಕ್‌ನಲ್ಲಿ. ರಾತ್ರಿ 16ಕ್ಕೆ ಇಳಿಸಿ ಬೆಳಿಗ್ಗೆ 21ಕ್ಕೆ ಏರಿಸುವ ವೇಳಾಪಟ್ಟಿಯನ್ನು ವಿಂಟರ್ ಡಿಸೈನ್ ಡೇಗೂ ಕೊಟ್ಟರೆ ಬೆಳಗಿನ ಏರಿಕೆಯೇ ಗರಿಷ್ಠವಾಗಿ ಬಾಯ್ಲರ್ ಊದಿಕೊಳ್ಳುತ್ತದೆ. ಅದರ ಮೇಲೆ 1.25 ಗುಣಿಸಿದರೆ ಅದೇ ಕೆಲಸಕ್ಕೆ ಎರಡು ಸಲ ಲೆಕ್ಕ. ದಿನವಿಡೀ 21 ಇಟ್ಟು ಗುಣಕ ಉಳಿಸಿಕೊಳ್ಳಿ, ಇಲ್ಲವೇ ಸೆಟ್‌ಬ್ಯಾಕ್ ಇಟ್ಟು ಗುಣಕ ತೆಗೆಯಿರಿ. ಕಂಡೆನ್ಸಿಂಗ್ ಬಾಯ್ಲರ್‌ಗೆ ಮರಳುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರಷ್ಟೇ ಹೊಗೆಯ ನೀರಾವಿ ನೀರಾಗಿ ಅದರ ಶಾಖ ಸಿಗುವುದು. ಸೈಜಿಂಗ್ ಪ್ಲಾಂಟ್‌ನಲ್ಲಿ 82 ಡಿಗ್ರಿ, 11 ಡಿಗ್ರಿ ಅಂತರ ಬಿಟ್ಟರೆ ಮರಳುವುದು 71. ಕಾಯಿಲ್‌ಗಳೂ ಆ ಬಿಸಿಗೇ ಸಣ್ಣದಾಗಿ ಸೈಜ್ ಆಗಿಬಿಡುತ್ತವೆ, ಆಮೇಲೆ ನೀರನ್ನು ತಣ್ಣಗೆ ಓಡಿಸುವ ದಾರಿ ಮುಚ್ಚುತ್ತದೆ.

ಗಾತ್ರ ನಿರ್ಧಾರವಾದ ಮೇಲೆ

ಆಟೋಸೈಜ್ ಎಂದಿದ್ದ ಜಾಗಗಳಲ್ಲೆಲ್ಲ ನೀವು ಆರಿಸಿದ ನಿಜವಾದ ಯಂತ್ರದ ಅಂಕಿ ಬರೆದು ವರ್ಷಪೂರ್ತಿ ಓಡಿಸಿ. ಆಟೋಸೈಜ್‌ನಲ್ಲೇ ಬಿಟ್ಟು ವರ್ಷ ಓಡಿಸಿದರೆ ಬೇರೆ ಯಂತ್ರದ ಪರೀಕ್ಷೆ ಮಾಡಿದಂತೆ. ಜನರಿದ್ದಾಗ ಸೆಟ್‌ಪಾಯಿಂಟ್ (ನಿಗದಿ ಮಾಡಿದ ಉಷ್ಣತೆ) ತಲುಪದ ಗಂಟೆಗಳ ಲೆಕ್ಕ ವರದಿಯ ಕೋಷ್ಟಕದಲ್ಲಿ ಸಿಗುತ್ತದೆ. ಡೀಫಾಲ್ಟ್ ಸಹನೆ 0.2 ಡಿಗ್ರಿ. ಅನುಬಂಧ ಜಿ 300 ಗಂಟೆಯ ಮಿತಿ ಹಾಕುತ್ತದೆ. ಸಂಖ್ಯೆ ದೊಡ್ಡದಿದ್ದ ಕೂಡಲೇ ಯಂತ್ರ ಏರಿಸಬೇಡಿ, ಆ ಗಂಟೆಗಳು ಯಾವುವು ಎಂದು ನೋಡಿ. ಎಲ್ಲವೂ ಬೆಳಿಗ್ಗೆ 9ರಿಂದ 10ರೊಳಗಿದ್ದರೆ ಯಂತ್ರ ಸಣ್ಣದಲ್ಲ, ಅದನ್ನು ಅರ್ಧ ಗಂಟೆ ಮೊದಲು ಶುರುಮಾಡಬೇಕಷ್ಟೆ. ಒಂದೇ ಕೋಣೆಯಲ್ಲಿದ್ದರೆ ಆ ಕೋಣೆಗೆ ಹೋಗುವ ಗಾಳಿ ಕಡಿಮೆ. ಸಂಜೆ 3ರಿಂದ 6ರವರೆಗೆ ಎಲ್ಲ ಕೋಣೆಗಳಲ್ಲೂ, ಏಪ್ರಿಲ್-ಮೇಯಲ್ಲಿ ಹರಡಿದ್ದರೆ ಮಾತ್ರ ಯಂತ್ರ ನಿಜಕ್ಕೂ ಸಾಲದು. ಆಗಲೂ ಮೊದಲು ಪಶ್ಚಿಮದ ಗಾಜಿಗೆ ಒಂದು ಮೀಟರ್ ಚಜ್ಜಾ ಸೇರಿಸಿ ಇನ್ನೊಮ್ಮೆ ಓಡಿಸಿ ನೋಡಿ.